ಕೂಸಿಗೆ ನೆಗಡಿ ಆದ್ರ ಮೊದ್ಲ ಮೂಗು ಬಿಡಸ್ರಿ, ಆಮ್ಯಾಲ ಉಸಿರು ಎಣಸ್ರಿ

(ಮನಿ ಪಡಸಾಲಿ. ಹಿಂದ ತೊಟ್ಲ ಕಾಣ್ತಿರಬೇಕು. ನೇರ ಕ್ಯಾಮೆರಾಕ್ಕ.)

ನಮಸ್ಕಾರ್ರೀ ಎಲ್ಲಾರಿಗೂ, ನಾನು ಜಮಖಂಡಿ ತಾಲೂಕಿನ ಒಂದು ಹಳ್ಳಿಯಾಗ ಆಶಾ ಕಾರ್ಯಕರ್ತೆ. ಈಗ ಕಬ್ಬಿನ ಸೀಜನ್ ನಡದೈತಿ, ಮುಂಜಾನೆ ಎದ್ರ ಥಂಡಿ, ಸಂಜಿಗೆ ಹೊಲದಾಗ ರವದಿ ಸುಟ್ಟ ಹೊಗಿ, ಹಿಂಗಾಗಿ ನಾನು ಯಾವ ಬಾಣಂತಿ ಮನಿಗೆ ಹೋದ್ರೂ ಅದ ಮಾತು, "ಅಕ್ಕಾರ, ಕೂಸಿನ ಎದಿ ಗೊರ ಗೊರ ಅಂತೈತ್ರಿ, ಕಫ ಕಟ್ಟೇತಿ, ಏನ್ ಔಷಧ ಹಾಕ್ಲಿ?"

ಔಷಧ ಹಾಕಬ್ಯಾಡ್ರಿ. ಇದನ್ನ ಮೊದ್ಲ ಹೇಳಿಬಿಡ್ತೀನಿ, ಯಾಕಂದ್ರ ವಿಡಿಯೋ ಪೂರ್ತಿ ನೋಡೂದ್ರಾಗ ಯಾರರೆ ಮೆಡಿಕಲ್‌ಗೆ ಗಾಡಿ ತಗೊಂಡು ಹೋಗಿರ್ತಾರ.

ನಾನು ಆಶಾ ಆಗೂಕಿಂತ ಮೊದ್ಲಿನ ಮಾತಿದು. ನನ್ನ ದೊಡ್ಡ ಮಗಳು ಏಳು ವಾರದಾಕಿ ಇದ್ಲು, ಮೂಗು ಪೂರ್ತಿ ಕಟ್ಟಿತ್ತು, ಎದಿಗೆ ಹಾಕ್ಕೊಂಡ್ರ ಎರಡು ಗುಟುಕು ಕುಡಿಯೂದು, ಬಾಯಿ ಬಿಡೂದು, ಮಾರಿ ಕೆಂಪ ಮಾಡ್ಕೊಂಡು ಚೀರೂದು, ಮತ್ತ ಹುಡುಕೂದು, ಮತ್ತ ಬಿಡೂದು, ರಾತ್ರಿ ಎರಡರ ತನಕ ಇದ ನಡೀತು. ಮುಂಜಾನೆ ಔಷಧ ಅಂಗಡಿಯಿಂದ ಕೇಳಿ ಒಂದು ನೆಗಡಿ ಸಿರಪ್ ತರಿಸಿ ಹಾಕಿದ್ವಿ. ಮಗಳು ಮಲಗಿದ್ಲು ನೋಡ್ರಿ, ಎಬ್ಬಿಸಿದ್ರ ಏಳವಲ್ಲು, ಅಂಗಾಲು ತಟ್ಟಿದ್ರೂ ಕಣ್ಣು ತೆರಿವಲ್ಲು, ಹಾಲಿನ ಟೈಮ್ ಎರಡು ಸಲ ತಪ್ಪಿತು. ಕುಂಚಗಿ ಸುತ್ಕೊಂಡು ಓಡಿದ್ವಿ ದವಾಖಾನಿಗೆ. ಅಲ್ಲಿ ಡಾಕ್ಟರ್ ಬಾಟಲಿ ನೋಡಿ ತಲಿ ಅಲ್ಲಾಡಿಸಿದ್ರು, ಅದನ್ನ ಮತ್ತ ಹಾಕಬ್ಯಾಡ್ರಿ ಅಂದ್ರು, ಕೂಸಿನ್ನ ಸಂಜಿತನಕ ಅಲ್ಲೇ ಇಟಗೊಂಡ್ರು. ಮಗಳು ಎಚ್ಚರಾದ ಮ್ಯಾಲ ಮೂಗಿಗೆ ಎರಡೆರಡು ಹನಿ ಉಪ್ಪಿನ ನೀರು ಬಿಟ್ಟು, ಹತ್ತು ನಿಮಿಷ ಬಿಟ್ಟು, ಮೆತ್ತನ್ನ ಅರಿವಿಲೆ ಸುಂಬಳ ಒರಸಿ, "ಈಗ ಹಾಲ ಕೊಡ್ರಿ" ಅಂದ್ರು. ಬಾಯಿ ಬಿಡಲಾರದ ಕುಡದ್ಲು. ಆ ಗುಟುಕಿನ ಸಪ್ಪಳ ನಾನು ಇವತ್ತಿಗೂ ಮರತಿಲ್ಲ.

ಯಾಕ ಹಂಗಾತು ಅಂದ್ರ, ಮೊದ್ಲಿನ ನಾಕೈದು ತಿಂಗಳು ಕೂಸು ಹೆಚ್ಚಾಗಿ ಮೂಗಿಲೇ ಉಸಿರಾಡ್ತೈತಿ. ಬಾಯಾಗ ಎದಿ ಹಿಡಕೊಂಡಾಗ ಅಂತೂ ಮೂಗು ಒಂದ ದಾರಿ. ಆ ದಾರಿ ಬಂದಾದ್ರ ಕೂಸಿಗೆ ಹಸಿವಿ ಇದ್ರೂ ಕುಡಿಯಾಕ ಬರಂಗಿಲ್ಲ. ಮತ್ತ ನೀವು "ಎದ್ಯಾಗ ಕಫ" ಅಂತೀರಲ್ಲ, ಕೈ ಇಟ್ರ ಗೊರ ಗೊರ ಅಂತ ಹತ್ತತೈತಲ್ಲ, ಭಾಳ ಸಲ ಅದು ಮೂಗು-ಗಂಟಲಿನ ಸಪ್ಪಳ, ಸಣ್ಣ ಎದಿಗೂಡಿನಾಗ ಕೇಳಸ್ತೈತಿ ಅಷ್ಟ.

(ಗೊಂಬಿ ತೊಡಿ ಮ್ಯಾಲ ಇಟ್ಕೊಂಡು, ಡ್ರಾಪ್ಸ್ ಬಾಟಲಿ ಹತ್ರ ತೋರಸ್ತಾ)

ಇದ ನೋಡ್ರಿ ಸಲೈನ್ ಡ್ರಾಪ್ಸ್. ತಗೊಳ್ಳೂಮುಂದ ಕಣ್ಣಿಟ್ಟು ಓದ್ರಿ, ಸೋಡಿಯಂ ಕ್ಲೋರೈಡ್ 0.65 ಅಂತ ಬರದಿರಬೇಕು. ಬರೇ "ಮೂಗಿನ ಡ್ರಾಪ್ಸ್ ಕೊಡ್ರಿ" ಅಂದ್ರ ಕ್ಸೈಲೋಮೆಟಾಝೋಲಿನ್ ಅಥವಾ ಆಕ್ಸಿಮೆಟಾಝೋಲಿನ್ ಇದ್ದದ್ದು ಕೈಗೆ ಬರಬಹುದು, ಬಾಟಲಿ ನೋಡಾಕ ಅದೂ ಇಷ್ಟ ಸಣ್ಣದು, ಆದ್ರ ಅದು ಬ್ಯಾರೇನ ಔಷಧ, ಸಣ್ಣ ಕೂಸಿಗೆ ಡಾಕ್ಟರ್ ಹೇಳಲಾರದ ಹಾಕೂದಲ್ಲ, ವಾಪಸ್ ಕೊಡ್ರಿ. ಮನ್ಯಾಗ ಉಪ್ಪು ಕಲಸಿ ಮಾಡೂದೂ ಬ್ಯಾಡ, ಅಳತಿ ತಪ್ಪತೈತಿ.

ಕೂಸಿನ್ನ ಅಂಗಾತ ಮಲಗಿಸಿ, ಒಂದೊಂದು ಹೊಳ್ಳಿಗೆ ಎರಡು ಹನಿ. ಚೀರತೈತಿ, ಚೀರ್ಲಿ. ಎತ್ಕೊಂಡು ಹತ್ತು-ಹದಿನೈದು ನಿಮಿಷ ಅಡ್ಡಾಡ್ರಿ, ಒಣಗಿದ ಸುಂಬಳ ನೆನಿತೈತಿ, ಸೀನತೈತಿ, ಹೊರಗ ಬರತೈತಿ, ಒರಸ್ರಿ, ಎದಿಗೆ ಹಚ್ಚರಿ. ಹಾಲ ಕೊಡೂಕಿಂತ ಮೊದ್ಲ ಹಾಕಬೇಕು, ಹಾಲ ಕುಡದ ಮ್ಯಾಲ ಹಾಕಿದ್ರ ಕಕ್ಕತೈತಿ. ರಬ್ಬರಿನ ಬಲ್ಬ್ ಇದ್ರ ಮೊದ್ಲ ಬಲ್ಬ್ ಒತ್ತಿ ಹಿಡೀರಿ, ತುದಿ ಅಷ್ಟ ಹೊಳ್ಳಿಗೆ ಹಚ್ಚಿ ಸಾವಕಾಶ ಬಿಡ್ರಿ, ದಿನಕ್ಕ ಮೂರ್ನಾಕು ಸಲ ಸಾಕು, ಹೆಚ್ಚಾದ್ರ ಒಳಗ ಬಾವು ಬರತೈತಿ. ಕೆಲವು ಆಯಿಗೋಳು ಬಾಯಿ ಹಚ್ಚಿ ಜಗ್ಗತಾರ, ಮೂಗಿನ್ಯಾಗ ಉಫ್ ಅಂತ ಊದತಾರ. ಆಯಿ, ನಿಮ್ಮ ಪ್ರೀತಿ ನನಗ ತಿಳೀತೈತ್ರಿ, ಆದ್ರ ನಿಮ್ಮ ಬಾಯಾಗಿನ ಜಂತು ಕೂಸಿಗೆ ಹೊಕ್ಕತಾವು, ಬಿಟ್ಟಬಿಡ್ರಿ.

ಇನ್ನ ಸಿರಪ್ ವಿಷಯ, ಇದನ್ನ ನಾನು ಸಿಟ್ಟಿಲೇ ಹೇಳತೀನಿ. ನೆಗಡಿ ವೈರಸ್‌ದಿಂದ ಬರತೈತಿ, ಇನ್ನೂರಕ್ಕಿಂತ ಹೆಚ್ಚು ನಮೂನಿ ವೈರಸ್ ಅದಾವು, ಎರಡು-ಮೂರನೇ ದಿನ ಜೋರಾಗತೈತಿ, ಒಂದು ವಾರ-ಹತ್ತು ದಿನಕ್ಕ ತಾನ ಹೋಗತೈತಿ. ಆಂಟಿಬಯಾಟಿಕ್ ಇದಕ್ಕ ನಾಟಂಗಿಲ್ಲ. ಕ್ಲೋರ್‌ಫೆನಿರಮಿನ್ ಮತ್ತ ಫಿನೈಲೆಫ್ರಿನ್ ಕೂಡಿದ ನೆಗಡಿ ಸಿರಪ್ ನಾಕು ವರ್ಷದೊಳಗಿನ ಮಕ್ಕಳಿಗೆ ಹಾಕಬಾರದು ಅಂತ 2023ರ ಡಿಸೆಂಬರ್‌ದಾಗ ಕೇಂದ್ರದ ಔಷಧ ನಿಯಂತ್ರಕರು ಬಾಟಲಿ ಮ್ಯಾಲೇ ಬರೀಬೇಕಂತ ಹೇಳ್ಯಾರ. 2025ರಾಗ ಮಧ್ಯಪ್ರದೇಶದ ಛಿಂದ್ವಾಡಾದಾಗ ಏನಾತು ನೀವೂ ಟಿವಿಯಾಗ ನೋಡೀರಿ, ಕೆಮ್ಮಿನ ಸಿರಪ್‌ನಾಗ ಡೈಇಥಿಲೀನ್ ಗ್ಲೈಕಾಲ್ ಅನ್ನೂ ವಿಷ ಕೂಡಿತ್ತು, ಕಿಡ್ನಿ ಹೋಗಿ ಸಣ್ಣ ಸಣ್ಣ ಮಕ್ಕಳು ಸತ್ತುವು. ಆವಾಗ ಕೇಂದ್ರ ಆರೋಗ್ಯ ಇಲಾಖೆ ಮತ್ತ ಹೇಳ್ತು, ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿ ಔಷಧ ಬರೀಬ್ಯಾಡ್ರಿ ಅಂತ. ವಿಷ ಇರಲಿ ಬಿಡಲಿ, ಕೂಸಿಗೆ ಅದರಿಂದ ಉಪಯೋಗ ಇಲ್ಲ.

ಜ್ವರದ ಪ್ಯಾರಾಸಿಟಮಾಲ್ ಬ್ಯಾರೆ, ಅದನ್ನ ಡಾಕ್ಟರ್ ತೂಕ ನೋಡಿ ಬರದು ಕೊಡ್ತಾರ. ಆದ್ರ ಒಂದ್ ಮಾತು ಭಾಳ ಹುಷಾರಿಲೆ ಕೇಳ್ರಿ: ಡ್ರಾಪ್ಸ್ ಬಾಟಲಿಯಾಗ ಸಾಮಾನ್ಯವಾಗಿ ಒಂದು ಎಂಎಲ್‌ಗೆ 100 ಮಿಲಿಗ್ರಾಂ ಇರತೈತಿ, ಸಿರಪ್ ಆದ್ರ 5 ಎಂಎಲ್‌ಗೆ 125, ಅಂದ್ರ ಎಂಎಲ್‌ಗೆ 25. ದೊಡ್ಡ ಮಗಂದು ಸಿರಪ್ ಮುಗೀತು ಅಂತ ಅದ ಅಳತಿ ಡ್ರಾಪ್ಸ್ ಹಾಕಿದ್ರ ನಾಕು ಪಟ್ಟು ಹೋತು ಹೊಟ್ಯಾಗ! ಬಾಟಲಿ ಬದಲಾದ್ರ ಮತ್ತ ಕೇಳೇ ಹಾಕ್ರಿ.

(ಬಾಣಂತಿ ಕೋಣಿ ತೋರಸೂದು. ಕೂಸು ಕಾಣೂದು ಬ್ಯಾಡ.)

ನಮ್ಮ ಕಡೆ ಕೂಸಿಗೆ ಎಣ್ಣಿ ಹಚ್ಚಿ ನೀರು ಹಾಕಿ, ಕೆಂಡದ ಮ್ಯಾಲ ಲೋಬಾನ ಉದುರಿಸಿ ಹೊಗಿ ಹಿಡೀತಾರ, ಕಿಟಕಿ ಬಂದ್ ಇರತೈತಿ, ಮಂಚದ ಬುಡಕ್ಕ ಕೆಂಡ ಇರತೈತಿ. ನೀರು ಹಾಕೂದು ಚಲೋ, ಬೆಚ್ಚಗಿಡೂದು ಚಲೋ. ಹೊಗಿ ಮಾತ್ರ ಬ್ಯಾಡ, ಮೊದ್ಲ ಬಾವು ಬಂದ ಮೂಗು-ಗಂಟಲಿಗೆ ಅದು ಇನ್ನಷ್ಟು ಉರಿ ಮಾಡತೈತಿ, ಒಲಿ ಹೊಗಿ ಬೀಡಿ ಹೊಗಿ ಎಲ್ಲಾದೂ ಅಷ್ಟ. ಕರ್ಪೂರ ಎಣ್ಯಾಗ ಕರಗಿಸಿ ಎದಿಗೆ ತಿಕ್ಕೂದು, ಅರಿವ್ಯಾಗ ಕಟ್ಟಿ ತೊಟ್ಲಕ್ಕ ಹಾಕೂದೂ ಬ್ಯಾಡ. ಕರ್ಪೂರ ಕೂಸಿನ ಮೈಗೆ ಹೋದ್ರ ಫಿಟ್ಸ್ ಬರತೈತಿ. ದೊಡ್ಡವರು ಹಚ್ಚೂ ನೆಗಡಿ ಮುಲಾಮಿನ್ಯಾಗೂ ಅದ ಕರ್ಪೂರ ಐತಿ. ಮೂಗಿನ್ಯಾಗ ಎಣ್ಣಿ ಬಿಟ್ರ ಅದು ಪುಪ್ಪಸಕ್ಕ ಇಳದು ನ್ಯುಮೋನಿಯಾ ಆಗತೈತಿ. ಜೇನುತುಪ್ಪ ಒಂದು ವರ್ಷದ ತನಕ ನೆಕ್ಕಸೂದೂ ಬ್ಯಾಡ, ಬೊಟುಲಿಸಂ ಅಂತ ಜಡ್ಡು ಬಂದು ಕೂಸಿನ ಮೈ ಸೋತು ಹೋಗತೈತಿ. ಮತ್ತ ಹೊಟ್ಟಿ ಮ್ಯಾಲ ಬರೆ ಹಾಕ್ಸೂದು... ಕೈಮುಗದು ಕೇಳ್ಕೋತೀನ್ರಿ, ಬ್ಯಾಡ.

ಗುಳೇದಗುಡ್ಡ ಖಣದ ಕುಂಚಗಿ, ಕುಲಾಯಿ ಹಾಕ್ರಿ, ಅದು ನಮ್ಮ ಚೆಂದ. ಆದ್ರ ಮ್ಯಾಲೆ ಎರಡು ಕೌದಿ ಹೊಚ್ಚಿ ಬೆವರಸಬ್ಯಾಡ್ರಿ, ಕುತಗಿ ಹಿಂದ ಕೈ ಹಾಕಿ ನೋಡ್ರಿ, ಹಸಿ ಹತ್ತಿದ್ರ ಒಂದು ತಗೀರಿ.

ಅವ್ವನ ಹಾಲು ಬಂದ್ ಮಾಡಬಾರದು. ಅವ್ವಗ ನೆಗಡಿ ಇದ್ರೂ ಕೊಡಬೇಕು, ಕೈ ತೊಳಕೊಂಡು ಮಾಸ್ಕ್ ಹಾಕ್ಕೊಂಡು ಕೊಡ್ರಿ. "ನೀ ಮಜ್ಜಿಗಿ ಕುಡದಿ, ಅದಕ್ಕ ಕೂಸಿಗೆ ಥಂಡಿ ಆತು" ಅಂತ ಸೊಸಿಗೆ ಬೈಯೂದನ್ನ ನಾನು ಎಷ್ಟ ಮನ್ಯಾಗ ಕೇಳೇನೋ. ಅತ್ತೆಮ್ಮಾರ, ನೆಗಡಿ ಮಜ್ಜಿಗ್ಯಾಗ ಬರಂಗಿಲ್ರಿ, ಸೀನೂ ಮಂದಿ ಎತ್ಕೊಂಡು ಮುದ್ದಾಡಿದ್ರ ಬರತೈತಿ.

ಈಗ ದವಾಖಾನಿಗೆ ಯಾವಾಗ ಓಡಬೇಕು. ಮೂರು ತಿಂಗಳಾಗಿರಲಾರದ ಕೂಸಿಗೆ ಜ್ವರ 100.4 ಮುಟ್ಟಿತಂದ್ರ ಕಾಯೂದಿಲ್ಲ, ಆವತ್ತ ಹೋಗ್ರಿ, ರಾತ್ರಿ ಆದ್ರೂ ಹೋಗ್ರಿ. ಹಾಲು ಬಿಟ್ರ, ಎಬ್ಬಿಸಿದ್ರೂ ಏಳಲಿಲ್ಲಂದ್ರ, ಉಚ್ಚಿ ಕಡಿಮಿ ಆದ್ರ, ನರಳಿದ್ರ, ಫಿಟ್ಸ್ ಬಂದ್ರ, ತುಟಿ-ನಾಲಿಗಿ ನೀಲಿ ಆದ್ರ 108ಕ್ಕ ಫೋನ್ ಹಚ್ಚರಿ. ಮತ್ತ ಅಂಗಿ ಎತ್ತಿ ನೋಡ್ರಿ, ಉಸಿರು ಎಳಕೊಂಡಾಗ ಎದಿಯ ಕೆಳಗ ಪಕ್ಕಿ ಒಳಗ ಗುಣಿ ಬೀಳಾಕತ್ತಿದ್ರ ಅದು ನೆಗಡಿ ಅಲ್ಲ, ಪುಪ್ಪಸಕ್ಕ ಇಳದೈತಿ.

ಇವೆಲ್ಲಾದಕ್ಕಿಂತ ಮೊದ್ಲ ಸುಳಿವು ಕೊಡೂದು ಉಸಿರಿನ ಎಣಿಕಿ. ಎರಡು ತಿಂಗಳೊಳಗ ನಿಮಿಷಕ್ಕ 60 ಅಥವಾ ಹೆಚ್ಚು, ಎರಡರಿಂದ ಹನ್ನೆರಡು ತಿಂಗಳಿಗೆ 50 ಅಥವಾ ಹೆಚ್ಚು, ಒಂದು ವರ್ಷ ದಾಟಿದ್ರ 40. ಇಷ್ಟಾದ್ರ ಲಗೂನ ತೋರಿಸ್ರಿ. ಕೂಸು ಅಳಬಾರದು, ಕುಡೀತಿರಬಾರದು, ಮತ್ತ ಪೂರ್ತಿ ಒಂದು ನಿಮಿಷ ಎಣಸಬೇಕು, ಹದಿನೈದು ಸೆಕೆಂಡ್ ಎಣಿಸಿ ನಾಕರಿಂದ ಗುಣಸಬ್ಯಾಡ್ರಿ, ಯಾಕಂದ್ರ ಕೂಸು ನಡುವ ಲಗು ಲಗು ಉಸಿರಾಡಿ ತುಸು ನಿಂದರತೈತಿ, ಲೆಕ್ಕ ತಪ್ಪತೈತಿ. ಸಣ್ಣ ಕೂಸಿಗೆ 60 ಮ್ಯಾಲ ಬಂದ್ರ ಇನ್ನೊಮ್ಮೆ ಎಣಸ್ರಿ, ಎರಡನೇ ಸಲಾನೂ ಹಂಗ ಬಂದ್ರ ಹೊರಡ್ರಿ.

ನಿಮ್ಮ ಆಶಾ ದವಾಖಾನ್ಯಾಗ ಹೆರಿಗಿ ಆದ ಮನಿಗೆ 3, 7, 14, 21, 28, 42ನೇ ದಿನ ಬರತಾಳ, ಎಣಸೂದು ಆಕಿಗೆ ಗೊತ್ತೈತಿ, ಕಲಸು ಅನ್ರಿ. ಆರು ವಾರ, ಹದಿನಾಕು ವಾರ, ಒಂಬತ್ತು ತಿಂಗಳಿಗೆ ನ್ಯುಮೋನಿಯಾದ ಪಿಸಿವಿ ಲಸಿಕಿ ಸರಕಾರಿ ದವಾಖಾನ್ಯಾಗ ಪುಕ್ಕಟ ಐತಿ, ನೆಗಡಿ ಐತಂತ ಮುಂದ ಹಾಕಬ್ಯಾಡ್ರಿ, ಸಾದಾ ನೆಗಡಿ ಇದ್ರೂ ಹಾಕ್ತಾರ.

(ತೊಟ್ಲದ ಹತ್ರ. ಕ್ಯಾಮೆರಾ ಕೂಸಿನ ಹೊಟ್ಟಿ ಮ್ಯಾಲ ಅಷ್ಟ, ಮಾರಿ ಬ್ಯಾಡ.)

ಇಂವ ನನ್ನ ತಂಗಿ ಮಗ, ಐದು ತಿಂಗಳಿನಾಂವ, ನೆಗಡಿ ಆಗಿ ಇವತ್ತಿಗೆ ನಾಕನೇ ದಿನ. ಹೊಟ್ಟಿ ಮ್ಯಾಲೆದ್ದು ಕೆಳಗಿಳದ್ರ ಅದು ಒಂದು. ನಾನು ಫೋನಿನ ಸ್ಟಾಪ್‌ವಾಚ್ ಹಚ್ಚತೀನಿ, ಒಂದು ನಿಮಿಷ ಮಾತಾಡಂಗಿಲ್ಲ, ನೀವೂ ಎಣಸ್ರಿ.

(ಒಂದು ನಿಮಿಷ ಪೂರ್ತಿ, ಕಟ್ ಮಾಡಬಾರದು.)

ನನಗ 38 ಬಂತು. ನಿಮಗ ಒಂದೆರಡು ಹೆಚ್ಚುಕಮ್ಮಿ ಬಂದಿದ್ರ ಚಿಂತಿಲ್ಲ, ಭಾಳ ತಪ್ಪಿದ್ರ ಹಿಂದ ಹೋಗಿ ಮತ್ತೊಮ್ಮೆ ಎಣಸ್ರಿ.