ನಿಮ್ಮ ಎಡಗೈ ಎಲ್ಲಿದೆ?

ನಮಸ್ಕಾರ ಸ್ನೇಹಿತರೇ. ಇವತ್ತು ಅಕ್ಷರಗಳು ಮಳೆಹನಿಯಂತೆ ಬೀಳುವ ಶೀರ್ಷಿಕೆಯೊಂದನ್ನು ಹೇಳಿಕೊಡುವುದಾಗಿ ಮಾತು ಕೊಟ್ಟಿದ್ದೆ. ಅದು ಮುಂದಿನ ವಾರ. ಇವತ್ತು ಬೇರೆ ವಿಷಯ. ಕಳೆದ ವಿಡಿಯೊದ ಕೆಳಗೆ ಒಬ್ಬರು ಬರೆದಿದ್ದಾರೆ: "ಶಾರ್ಟ್‌ಕಟ್ ಬಾಯಿಪಾಠ ಮಾಡುವುದು ಗುಮಾಸ್ತರ ಕೆಲಸ. ಕಲಾವಿದನಿಗೆ ಅವಸರ ಸಲ್ಲದು." ಶಾರ್ಟ್‌ಕಟ್ ಎಂದರೆ ಮೌಸ್ ಬಿಟ್ಟು ಕೀಲಿ ಒತ್ತಿ ಕೆಲಸ ಮುಗಿಸುವ ದಾರಿ. ಅದಕ್ಕೆ ನಲವತ್ತು ಜನ ಹೌದು ಹೌದು ಎಂದಿದ್ದಾರೆ. ಆ ನಲವತ್ತೂ ಜನರಿಗೆ ನನ್ನದು ಒಂದೇ ಪ್ರಶ್ನೆ. ಅಕ್ಷರ, ಚಿತ್ರಗಳಿಗೆ ಚಲನೆ ಕೊಡುವ ಆಫ್ಟರ್ ಎಫೆಕ್ಟ್ಸ್ ತಂತ್ರಾಂಶದ ಮುಂದೆ ಕುಳಿತಾಗ ನಿಮ್ಮ ಎಡಗೈ ಎಲ್ಲಿರುತ್ತದೆ?

ಈ ಪ್ರಶ್ನೆ ಯಾಕೆಂದು ಹೇಳುತ್ತೇನೆ. ಸಾಗರದ ಕಡೆಯ ಹುಡುಗನೊಬ್ಬ ಶಿವಮೊಗ್ಗದ ನನ್ನ ಕೋಣೆಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಿದ್ದ. ಬಟ್ಟೆ ಅಂಗಡಿಯೊಂದಕ್ಕೆ ಮೂವತ್ತು ಸೆಕೆಂಡಿನ ಜಾಹೀರಾತು, ಎಲ್‌ಇಡಿ ಪರದೆಗೆ. "ಅಣ್ಣಾ, ಮೂರು ರಾತ್ರಿ ಕುಳಿತಿದ್ದೇನೆ, ಮುಗಿಯುತ್ತಲೇ ಇಲ್ಲ" ಎಂದ. ಮಾಡು ತಮ್ಮಾ, ನೋಡುತ್ತೇನೆ ಎಂದೆ. 84 ಲೇಯರ್‌ಗಳಿದ್ದವು, ಅಂದರೆ ಒಂದರ ಮೇಲೊಂದು ಜೋಡಿಸಿದ ಪದರಗಳು. ಒಂದಕ್ಕೂ ಹೆಸರಿಲ್ಲ. ಶೇಪ್ ಲೇಯರ್ 1, ಶೇಪ್ ಲೇಯರ್ 2, ಹಾಗೆಯೇ ಕೆಳಗಿನವರೆಗೆ. ಒಂದು ಲೇಯರಿನ ಓಪ್ಯಾಸಿಟಿ, ಅಂದರೆ ಅದು ಎಷ್ಟು ಗಾಢವಾಗಿ ಕಾಣಬೇಕೆಂಬುದನ್ನು, ಬದಲಿಸಬೇಕಿತ್ತು. ಹೆಸರಿನ ಪಕ್ಕದ ಸಾಸಿವೆಯಷ್ಟು ದೊಡ್ಡ ತ್ರಿಕೋನಕ್ಕೆ ಮೌಸ್ ಒಯ್ದ, ಒತ್ತಿದ. ಅದರೊಳಗೆ ಟ್ರಾನ್ಸ್‌ಫಾರ್ಮ್ ಎಂಬ ಇನ್ನೊಂದು ತ್ರಿಕೋನ, ಅದನ್ನೂ ಒತ್ತಿದ. ಕೆಳಗೆ ಸರಿಸಿದ. ಸಂಖ್ಯೆ ಬದಲಿಸಿದ. ಮತ್ತೆ ಮೇಲೆ ಹೋಗಿ ಎರಡೂ ತ್ರಿಕೋನ ಮುಚ್ಚಿದ. ಮುಂದಿನ ಲೇಯರ್. ಈ ಹೊತ್ತಿನಲ್ಲೆಲ್ಲ ಅವನ ಎಡಗೈ ಗಲ್ಲಕ್ಕೆ ಆಸರೆಯಾಗಿತ್ತು.

ಹುಡುಗನ ಕೈಯಲ್ಲಿ ಒಳ್ಳೆಯ ಕಲೆ ಇದೆ. ಬಣ್ಣ ಚೆನ್ನಾಗಿದೆ, ಅಕ್ಷರ ಚೆನ್ನಾಗಿದೆ. ಅವನ ಮೂರು ರಾತ್ರಿ ತಿಂದದ್ದು ಆ ತ್ರಿಕೋನ. ಲೇಯರ್ ಆರಿಸಿ ಟಿ ಒತ್ತಿದರೆ ಓಪ್ಯಾಸಿಟಿ ಒಂದೇ ಎದುರಿಗೆ ಬರುತ್ತದೆ. ಪಿ ಒತ್ತಿದರೆ ಜಾಗ ತಿಳಿಸುವ ಪೊಸಿಷನ್, ಎಸ್ ಒತ್ತಿದರೆ ಗಾತ್ರದ ಸ್ಕೇಲ್, ಆರ್ ಒತ್ತಿದರೆ ತಿರುಗಿಸುವ ರೊಟೇಷನ್, ಎ ಒತ್ತಿದರೆ ತಿರುಗುವ ಕೇಂದ್ರವಾದ ಆ್ಯಂಕರ್ ಪಾಯಿಂಟ್. ಎರಡು ಬೇಕಾದರೆ ಶಿಫ್ಟ್ ಹಿಡಿದು ಎರಡನೆಯದನ್ನು ಒತ್ತಿ. ಇಷ್ಟಕ್ಕೆ ಯಾರೂ ಗುಮಾಸ್ತರಾಗುವುದಿಲ್ಲ.

ಆಮೇಲೆ ಅವನಿಂದಲೇ ಒಂದು ಕೆಲಸ ಮಾಡಿಸಿದೆ. ಕಂಟ್ರೋಲ್ ಎ ಒತ್ತು, ಎಲ್ಲ ಲೇಯರ್ ಆಯ್ಕೆಯಾಗಲಿ. ಈಗ ಯು ಒತ್ತು ಎಂದೆ. ಕೀಫ್ರೇಮ್, ಅಂದರೆ ಚಲನೆಯ ಗುರುತು, ಹಾಕಿದ ಗುಣಗಳು ಮಾತ್ರ, ಎಲ್ಲ ಲೇಯರಿನವೂ ಒಮ್ಮೆಲೇ ಬಿಚ್ಚಿಕೊಂಡವು. ಎಲ್ಲಿ ಚಲನೆ ಇದೆ, ಎಲ್ಲಿ ಇಲ್ಲ, ಎಲ್ಲಿ ಎರಡು ಕೀಫ್ರೇಮ್ ಅಂಟಿಕೊಂಡು ಕುಳಿತಿವೆ, ಎಲ್ಲವೂ ಕಣ್ಣೆದುರು. ಇನ್ನೊಮ್ಮೆ ಯು, ಎಲ್ಲ ಮುಚ್ಚಿತು. ಯು ಯು ಎಂದು ಬೇಗ ಎರಡು ಸಲ ಒತ್ತಿದರೆ ಕೀಫ್ರೇಮ್ ಇಲ್ಲದಿದ್ದರೂ ನೀವು ಬದಲಿಸಿದ ಗುಣಗಳೆಲ್ಲ ಹೊರಗೆ ಬರುತ್ತವೆ. ಬೇರೆಯವರ ಪ್ರಾಜೆಕ್ಟ್ ನಿಮ್ಮ ತಲೆಗೆ ಬಿದ್ದಾಗ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಹುಡುಗ ಪರದೆಯನ್ನೇ ನೋಡುತ್ತಾ ಕುಳಿತ. ಎರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದಾನೆ, ಯಾರೂ ಹೇಳಿಕೊಟ್ಟಿಲ್ಲ. ನನಗೆ ಸಿಟ್ಟು ಬಂದದ್ದು ಅವನ ಮೇಲಲ್ಲ, ಹೇಳಿಕೊಡದೆ ಶುಲ್ಕ ವಸೂಲಿ ಮಾಡಿದವರ ಮೇಲೆ.

ಇನ್ನೊಂದು. ಮೊದಲ ದೃಶ್ಯದ 19 ಲೇಯರ್‌ಗಳು ಆರನೇ ಸೆಕೆಂಡಿಗೆ ಮುಗಿಯಬೇಕಿತ್ತು. ಅವನು ಒಂದೊಂದರ ತುದಿ ಹಿಡಿದು ಎಳೆಯುತ್ತಿದ್ದ. 19 ಸಲ. ಎರಡು ಕಡೆ ಒಂದು ಫ್ರೇಮ್, ಅಂದರೆ ವಿಡಿಯೊದ ಒಂದು ಬಿಡಿ ಚಿತ್ರ, ಹೆಚ್ಚುಕಡಿಮೆಯಾಗಿ ಚಿತ್ರ ಮಿಣುಕುತ್ತಿತ್ತು. ಹತ್ತೊಂಬತ್ತನ್ನೂ ಆರಿಸಿ, ಸಮಯ ತೋರಿಸುವ ಸೂಚಕವನ್ನು ಆರನೇ ಸೆಕೆಂಡಿನಲ್ಲಿ ನಿಲ್ಲಿಸಿ, ಆಲ್ಟ್ ಹಿಡಿದು ಬಲ ಚೌಕ ಆವರಣದ ಕೀಲಿ ಒತ್ತಿ. ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಎಲ್ಲವೂ ಒಂದೇ ಗೆರೆಗೆ ನಿಲ್ಲುತ್ತವೆ. ಎಡ ಆವರಣ ಒತ್ತಿದರೆ ಶುರುವಾಗುವ ತುದಿ ಕತ್ತರಿಸುತ್ತದೆ. ಆಲ್ಟ್ ಬಿಟ್ಟು ಬರೀ ಆವರಣ ಒತ್ತಿದರೆ ಲೇಯರ್ ಕತ್ತರಿಸದೆ ಇಡೀ ಸರಿದು ಅಲ್ಲಿಗೆ ಬರುತ್ತದೆ. ಲೇಯರನ್ನು ಎರಡು ತುಂಡು ಮಾಡಬೇಕೇ, ಕಂಟ್ರೋಲ್ ಶಿಫ್ಟ್ ಡಿ. ಮ್ಯಾಕ್ ಇರುವವರು ಕಂಟ್ರೋಲ್ ಎಂದಲ್ಲಿ ಕಮಾಂಡ್, ಆಲ್ಟ್ ಎಂದಲ್ಲಿ ಆಪ್ಷನ್ ಎಂದು ಓದಿಕೊಳ್ಳಿ, ಮತ್ತೆ ಪ್ರತ್ಯೇಕವಾಗಿ ಕೇಳಬೇಡಿ.

ಅಂದಹಾಗೆ, ಈ ಕೀಲಿಗಳನ್ನೆಲ್ಲ ಒಂದೇ ಪುಟದಲ್ಲಿ ಕನ್ನಡದಲ್ಲಿ ಬರೆದು ವಿವರಣೆಯ ಜಾಗದಲ್ಲಿ ಹಾಕಿದ್ದೇನೆ. ಉಚಿತ. ಇಳಿಸಿಕೊಳ್ಳಿ, ಮುದ್ರಿಸಿ ಗೋಡೆಗೆ ಅಂಟಿಸಿ. ಚಾನೆಲ್‌ಗೆ ಚಂದಾದಾರರಾಗದವರು ಆಗಿ.

ಈಗ ಕಲಾವಿದರ ವಿಷಯಕ್ಕೆ ಬರೋಣ. ನನ್ನ ದೊಡ್ಡಮ್ಮ ತೀರ್ಥಹಳ್ಳಿ ಕಡೆಯವರು. ಅಡಿಕೆ ಕೊಯ್ಲಿನ ಕಾಲದಲ್ಲಿ ರಾತ್ರಿ ಅಂಗಳದಲ್ಲಿ ದೀಪ ಹಾಕಿಕೊಂಡು ಹತ್ತಾರು ಹೆಂಗಸರು ಮೆಟ್ಟುಗತ್ತಿ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದರು. ಎಡಗೈ ರಾಶಿಯಿಂದ ಅಡಿಕೆ ಎತ್ತುತ್ತದೆ, ಎರಡೂ ಕೈ ಸೇರಿ ಅದನ್ನು ಅಲಗಿಗೆ ಒತ್ತುತ್ತವೆ, ಎರಡು ಮೂರು ಸೀಳಿಗೆ ಸಿಪ್ಪೆ ಕಳಚಿ ಅಡಿಕೆ ಬುಟ್ಟಿಗೆ ಬೀಳುತ್ತದೆ. ಅಷ್ಟರಲ್ಲಿ ಎಡಗೈ ಮುಂದಿನದಕ್ಕೆ ಹೋಗಿರುತ್ತದೆ. ಕಣ್ಣು ಕತ್ತಿಯ ಮೇಲಿಲ್ಲ, ಎದುರಿಗಿದ್ದವರ ಮುಖದ ಮೇಲೆ, ಬಾಯಲ್ಲಿ ಊರಿನ ಸುದ್ದಿ. ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಅಡಿಕೆ ಸುಲಿದವರನ್ನು ಇಡೀ ಮಲೆನಾಡಿನಲ್ಲಿ ಒಬ್ಬರನ್ನು ತೋರಿಸಿ! ಅವರ ಕೈಚಳಕ ನೋಡಿ ಆಹಾ ಎನ್ನುತ್ತೀರಿ. ಅದೇ ಚಳಕ ಕಂಪ್ಯೂಟರ್ ಮುಂದೆ ಬಂದರೆ ಗುಮಾಸ್ತಿಕೆಯೇ?

ಅವಸರ ಸಲ್ಲದು ಎನ್ನುತ್ತೀರಿ. ಒಪ್ಪುತ್ತೇನೆ. ಹಾಗಾದರೆ ಸಾವಧಾನ ಎಲ್ಲಿ ಬೇಕು ಹೇಳಿ. ತ್ರಿಕೋನ ಒತ್ತುವುದರಲ್ಲೇ? ನಮ್ಮ ವಿಡಿಯೊದಲ್ಲಿ ಸೆಕೆಂಡಿಗೆ 25 ಫ್ರೇಮ್. ಒಂದು ಪದ 10 ಫ್ರೇಮಿನಲ್ಲಿ ಒಳಗೆ ಬರಬೇಕೋ 15ರಲ್ಲೋ? ವ್ಯತ್ಯಾಸ ಸೆಕೆಂಡಿನ ಐದನೇ ಒಂದು ಪಾಲು. ಕಣ್ಣಿಗೆ ಅದು ಗೊತ್ತಾಗುತ್ತದೆ. ಒಂದು ಚುರುಕು, ಇನ್ನೊಂದು ಗಾಂಭೀರ್ಯ. ಯಾವುದು ಸರಿ ಎಂದು ತಿಳಿಯಲು ಆರು ಸಲ ಮಾಡಿ ನೋಡಬೇಕು. ಕೀಫ್ರೇಮ್ ಆರಿಸಿ ಆಲ್ಟ್ ಹಿಡಿದು ಬಾಣದ ಕೀಲಿ ಒತ್ತಿದರೆ ಒಂದೊಂದೇ ಫ್ರೇಮ್ ಸರಿಯುತ್ತದೆ. ಎಫ್ 9 ಒತ್ತಿದರೆ ಚಲನೆಯ ಒರಟುತನ ಹೋಗುತ್ತದೆ. ಶಿಫ್ಟ್ ಎಫ್ 3 ಒತ್ತಿದರೆ ಚಲನೆಯ ಗ್ರಾಫ್ ಬರುತ್ತದೆ, ಅಲ್ಲಿ ಕುಳಿತು ಒಂದು ಗಂಟೆ ಬೇಕಾದರೂ ಗೆರೆ ತಿದ್ದಿ, ನಾನು ಕೈಮುಗಿಯುತ್ತೇನೆ. ಕೈ ನಿಧಾನವಾದವನು ಆರು ಸಲ ನೋಡುವುದಿಲ್ಲ. ಒಂದು ಸಲ ಮಾಡಿ, ಸಾಕಾಗಿ, ಇದೇ ಇರಲಿ ಎಂದು ಕಳುಹಿಸುತ್ತಾನೆ. ಈಗ ಹೇಳಿ, ಅವಸರ ಮಾಡಿದವರು ಯಾರು?

ಕೀಲಿಗಳು ನೆನಪಿರುವುದಿಲ್ಲ ಎನ್ನುವವರೂ ಇದ್ದಾರೆ. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುತ್ತೀರಲ್ಲ? ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಶಿವಮೊಗ್ಗ ಎಂದು ಬರೆಯಲು ಗ-ಕಾರದ ಒತ್ತಿಗೆ ಎಫ್ ಒತ್ತಲೇಬೇಕು. ಯಾವ ಬೆರಳಿನಲ್ಲಿ ಒತ್ತುತ್ತೀರಿ? ಎಡಗೈ ತೋರುಬೆರಳಿನಲ್ಲಿ. ಒಮ್ಮೆಯಾದರೂ ಕೆಳಗೆ ನೋಡುತ್ತೀರಾ? ಇಲ್ಲ. ಒತ್ತಕ್ಷರ ಕಲಿತ ಬೆರಳಿಗೆ ಐದು ಅಕ್ಷರ ಕಲಿಯುವುದು ಭಾರವಾಯಿತೇ? ವಿಂಡೋಸಿನ ಕನ್ನಡ ಕೀಲಿಮಣೆಯಲ್ಲಿದ್ದಾಗ ಆಫ್ಟರ್ ಎಫೆಕ್ಟ್ಸ್ ಕೀಲಿಗಳು ಕೆಲಸ ಮಾಡುವುದಿಲ್ಲ ಎಂದರೆ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬನ್ನಿ. ಪಿ ಮತ್ತು ಯು ಬಲಗಡೆ ಇವೆಯಲ್ಲ ಎಂದು ಒಬ್ಬರು ವಾದಿಸಿದ್ದಾರೆ. ಒಂದು ಗೇಣು ದೂರ ಸ್ವಾಮೀ. ಕೈ ಚಾಚಿ.

ಹನ್ನೆರಡು ಗುಂಡಿಯ ಮೌಸ್ ಕೊಂಡಿದ್ದೇನೆ ಎಂದವರಿಗೆ ಉತ್ತರವೇ ಇಲ್ಲ. ಮುಂದೆ ಎಲ್ಲವನ್ನೂ ಎಐ ಮಾಡುತ್ತದೆ ಎಂದವರಿಗೆ ಇದೆ. ಜಾತ್ರೆಯ ಹಿಂದಿನ ರಾತ್ರಿ ಹನ್ನೊಂದಕ್ಕೆ ಅಂಗಡಿ ಮಾಲೀಕರು ಫೋನ್ ಮಾಡಿ, ರಿಯಾಯಿತಿ 50 ಅಲ್ಲ 40 ಎನ್ನುತ್ತಾರೆ. ಸಾಗರದ ಮಾರಿಕಾಂಬಾ ಜಾತ್ರೆ ಬರುವುದು ಮೂರು ವರ್ಷಕ್ಕೊಮ್ಮೆ. ನಿಮ್ಮ ರೆಂಡರ್, ಅಂದರೆ ಅಂತಿಮ ವಿಡಿಯೊ ತಯಾರಿ, ಮುಗಿದಿಲ್ಲ ಎಂದು ಅಮ್ಮನವರು ಕಾಯುವುದಿಲ್ಲ. ಆಗ 84 ಲೇಯರಿನಲ್ಲಿ ಆ 50 ಎಲ್ಲಿದೆ? ಶೇಪ್ ಲೇಯರ್ 37ರ ಮೇಲೋ ಕೆಳಗೋ? ಲೇಯರ್ ಆರಿಸಿ ಎಂಟರ್ ಒತ್ತಿ ರಿಯಾಯಿತಿ ಎಂದು ಹೆಸರಿಟ್ಟಿದ್ದರೆ, ಕಂಟ್ರೋಲ್ ಎಫ್ ಒತ್ತಿ ಹುಡುಕಿ ಅರ್ಧ ನಿಮಿಷದಲ್ಲಿ ತಿದ್ದಿ ಮಲಗಬಹುದಿತ್ತು. ಹೆತ್ತ ಮಗುವಿಗೆ ಹೆಸರಿಡುತ್ತೀರಿ, ಕೊಟ್ಟಿಗೆಯ ಕರುವಿಗೂ ಇಡುತ್ತೀರಿ, ಲೇಯರಿಗೆ ಯಾಕೆ ಇಡುವುದಿಲ್ಲ?

ಮಳೆಗಾಲದಲ್ಲಂತೂ ಕೇಳಲೇಬೇಡಿ. ಬೆಂಗಳೂರಿನವರಿಗೆ ಇದು ಅರ್ಥವಾಗುವುದಿಲ್ಲ. ನಮ್ಮಲ್ಲಿ ಎಲ್ಲೋ ಘಟ್ಟದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಇಲ್ಲಿ ಕತ್ತಲೆ. ಯುಪಿಎಸ್ ಕೂಗಲು ಶುರುಮಾಡಿದ ಮೇಲೆ ಉಳಿಯುವುದು ಹತ್ತು ನಿಮಿಷ. ಆ ಹತ್ತು ನಿಮಿಷ ತ್ರಿಕೋನಕ್ಕೆ ಕೊಡುತ್ತೀರಾ? ಕಂಟ್ರೋಲ್ ಎಸ್ ಒತ್ತಿ! ಕಂಟ್ರೋಲ್ ಆಲ್ಟ್ ಶಿಫ್ಟ್ ಎಸ್ ಒತ್ತಿದರೆ ಹಳೆಯ ಕಡತ ಹಾಗೇ ಉಳಿದು ಮುಂದಿನ ಸಂಖ್ಯೆಯ ಹೊಸ ಕಡತ ಉಳಿಯುತ್ತದೆ. ನಾಲ್ಕೂ ಕೀಲಿ ಎಡಗಡೆಯೇ ಇವೆ. ಎಡಗೈ ಎಲ್ಲಿದೆ? ಗಲ್ಲದ ಕೆಳಗೆ! ಚಹಾ ಲೋಟದ ಮೇಲೆ! ಮೊಬೈಲ್ ಹಿಡಿದುಕೊಂಡು!

ಇಷ್ಟು ಹೇಳಿದ ಮೇಲೂ ನನಗೆ ಮೌಸೇ ಸಾಕು ಎನ್ನುವವರು ಹಾಗೇ ಇರಿ, ನಾನು ವಾದಿಸುವುದಿಲ್ಲ. ಇಲ್ಲ, ವಾದಿಸುತ್ತೇನೆ. ಭಾನುವಾರ ಸಂಜೆ ಆರಕ್ಕೆ ನೇರಪ್ರಸಾರ ಇದೆ, ಅಲ್ಲಿಗೆ ಬನ್ನಿ. ಗುಮಾಸ್ತ ಎಂದು ಬರೆದವರೂ ಬನ್ನಿ, ಅವರಿಗೆ ಮೊದಲ ಪ್ರಶ್ನೆ ಕೇಳುವ ಅವಕಾಶ. ಆ ಹುಡುಗನೂ ಇರುತ್ತಾನೆ. ಅವತ್ತು ನನ್ನ ಕೋಣೆಯಿಂದ ಎದ್ದು ಹೋಗುವಷ್ಟರಲ್ಲಿ ರಾತ್ರಿ ಒಂಬತ್ತು. ಉಳಿದ ಎರಡು ದೃಶ್ಯವನ್ನು ಅಲ್ಲೇ ಕುಳಿತು ಮುಗಿಸಿದ. ಕೊನೆಯ ಬಸ್ಸಿಗೆ ಓಡುವ ಮೊದಲು ಬಾಗಿಲಲ್ಲಿ ನಿಂತು, "ಅಣ್ಣಾ, ಆ ಯು ಯು ಮತ್ತೊಮ್ಮೆ ಹೇಳಿ" ಎಂದ.