ಮರ್ಜ್ ಗುಂಡಿ ಒತ್ತುವ ಮುಂಚೆ

ಕೇಳುಗರಿಗೆ ನಮಸ್ಕಾರ.

ನಾನು ಸಣ್ಣ ಕ್ಲಿನಿಕ್ ಒಂದರ ಕೌಂಟರಿನಲ್ಲಿ ಕೆಲಸ ಮಾಡಿದವಳು. ಟೋಕನ್ ಕೊಡುವುದು, ಹೆಸರು ಬರೆದುಕೊಳ್ಳುವುದು, ಹಳೇ ಚೀಟಿ ಹುಡುಕಿ ಡಾಕ್ಟರ ಮೇಜಿಗೆ ಮುಟ್ಟಿಸುವುದು ನನ್ನ ಕೆಲಸ. ಒಂದು ದಿನ ರಟ್ಟಿನ ಫೈಲುಗಳು ಹೋಗಿ ಕಂಪ್ಯೂಟರ್ ಬಂತು. ಕಂಪನಿಯವರು ಒಂದು ಮಧ್ಯಾಹ್ನ ಕೂತು ಹೇಳಿಕೊಟ್ಟು ಹೋದರು. ಆವತ್ತು ರಜೆಯಲ್ಲಿದ್ದವರಿಗೆ ನಾವು ಹೇಳಿಕೊಟ್ಟೆವು. ಅವರು ಆಮೇಲೆ ಸೇರಿದವರಿಗೆ ಹೇಳಿಕೊಟ್ಟರು. ಹೀಗೆ ಬಾಯಿಂದ ಬಾಯಿಗೆ ಹೋಗುತ್ತಾ 'ಇದನ್ನು ಒತ್ತು' ಅನ್ನುವುದಷ್ಟೇ ಉಳಿಯಿತು. ಯಾಕೆ ಒತ್ತಬೇಕು, ಯಾವಾಗ ಒತ್ತಬಾರದು ಅನ್ನುವುದು ದಾರಿಯಲ್ಲೇ ಬಿದ್ದುಹೋಯಿತು.

ನಮ್ಮ ಕಡೆ ಹುಟ್ಟಿದ ದಿನ ಗೊತ್ತಿಲ್ಲದ ಹಿರಿಯರು ತುಂಬ ಜನ. ದಾಖಲೆಯಲ್ಲಿ ಅವರದೆಲ್ಲ ಜನವರಿ 1. ಒಂದು ಸಂಜೆ ಪರದೆಯ ಮೇಲೆ ಸೂಚನೆ ಬಂತು: ಒಬ್ಬರೇ ರೋಗಿಯ ಎರಡು ದಾಖಲೆ ಇವೆ, ಮರ್ಜ್ ಮಾಡಬೇಕೇ? ಅಂದರೆ ಎರಡನ್ನೂ ಸೇರಿಸಿ ಒಂದೇ ದಾಖಲೆ ಮಾಡಬೇಕೇ ಅಂತ. ಹೆಸರು ಒಂದೇ, ಊರು ಒಂದೇ, ಜನವರಿ 1, ಇಸವಿಯೂ ಅದೇ. ಆದರೂ ಅನುಮಾನ ಬಂದು ಕೈಪಿಡಿ ತೆಗೆದೆ. ಇಂಗ್ಲಿಷಿನಲ್ಲಿತ್ತು. 'ಮರ್ಜ್ ಗುಂಡಿ ಒತ್ತಿದರೆ ದಾಖಲೆಗಳು ಮರ್ಜ್ ಆಗುತ್ತವೆ.' ಅಷ್ಟೇ. ಒತ್ತಿದೆ.

ಅವರಿಬ್ಬರು ಬೇರೆ ಬೇರೆ ಅಜ್ಜಂದಿರು. ಒಬ್ಬರಿಗೆ ಪೆನಿಸಿಲಿನ್ ಅಲರ್ಜಿ. ಆದರೆ ಅಲರ್ಜಿ ಕಾಲಂ ಖಾಲಿ ಇದ್ದ ದಾಖಲೆಯೇ ಉಳಿದುಕೊಂಡಿತ್ತು. ಮುಂದಿನ ವಾರ ಆ ಅಜ್ಜ ಜ್ವರ ಅಂತ ಬಂದರು. "ಯಾವುದಾದರೂ ಔಷಧಿ ಆಗಿಬರಲ್ವಾ ಅಜ್ಜಾ?" ಅಂತ ಡಾಕ್ಟರು ತಮ್ಮ ರೂಢಿಯಂತೆ ಕೇಳಿದರು. ಆ ಒಂದು ಪ್ರಶ್ನೆಯಿಂದ ಬಚಾವಾದೆವು. ಕಂಪನಿಗೆ ಫೋನ್ ಮಾಡಿದರೆ, "ಮರ್ಜ್ ಆದಮೇಲೆ ವಾಪಸ್ ಬರಲ್ಲ ಮೇಡಂ" ಅಂದರು. ಆ ಮಾತು ಕೈಪಿಡಿಯಲ್ಲಿ ಇರಬೇಕಿತ್ತು, ಅಲ್ವಾ?

ಆಮೇಲೆ ನಾನು ಥೆರಾಕ್-25 ಬಗ್ಗೆ ಓದಿದೆ. ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ಕೊಡುತ್ತಿದ್ದ ಯಂತ್ರ ಅದು, ಕೆನಡಾದಲ್ಲಿ ತಯಾರಾದದ್ದು. 1986ರ ಮಾರ್ಚಿನಲ್ಲಿ, ಅಮೆರಿಕದ ಟೆಕ್ಸಾಸಿನ ಟೈಲರ್ ಊರಿನ ಆಸ್ಪತ್ರೆಯಲ್ಲಿ, ಅದರ ಪರದೆಯ ಮೇಲೆ 'ಮಾಲ್‌ಫಂಕ್ಷನ್ 54' ಅಂತ ಬಂತು. ಹಾಗಂದರೇನು ಅಂತ ಆಪರೇಟರ್‌ಗೆ ಕೊಟ್ಟಿದ್ದ ಕೈಪಿಡಿಯಲ್ಲಿ ಇರಲಿಲ್ಲ. ಆ ಯಂತ್ರ ಆಗಾಗ ಏನಾದರೊಂದು ಸೂಚನೆ ತೋರಿಸಿ ನಿಲ್ಲುತ್ತಲೇ ಇತ್ತು. 'ಪಿ' ಕೀಲಿ ಒತ್ತಿದರೆ ಮುಂದುವರಿಯುತ್ತಿತ್ತು. ಆಪರೇಟರ್ ಅದನ್ನೇ ಒತ್ತಿದರು. ಒಳಗೆ ಮಲಗಿದ್ದ ರೋಗಿಗೆ ಅದಾಗಲೇ ವಿಪರೀತ ವಿಕಿರಣ ತಗುಲಿತ್ತು. ಅದರ ಮೇಲೆ ಇನ್ನೊಂದು ಸಲ ತಗುಲಿತು. ಮುಂದಿನ ತಿಂಗಳು ಅದೇ ಆಸ್ಪತ್ರೆ, ಅದೇ 54, ಇನ್ನೊಬ್ಬ ರೋಗಿ. ಇಬ್ಬರೂ ಬದುಕಲಿಲ್ಲ. ಮೂಲ ತಪ್ಪು ಸಾಫ್ಟ್‌ವೇರಿನಲ್ಲಿತ್ತು, ನಿಜ. ಆದರೆ 54 ಅಂದರೆ ಏನು ಅಂತ ಒಂದು ಸಾಲು ಬರೆದಿದ್ದರೆ ಆ ಬೆರಳು ತಡೆಯುತ್ತಿತ್ತು ಅಂತಲೇ ನನ್ನ ನಂಬಿಕೆ. ಅದನ್ನು ಓದಿದ ರಾತ್ರಿ ನನಗೆ ಆ ಅಜ್ಜನ ಮುಖವೇ ಕಣ್ಣಮುಂದೆ ಬರುತ್ತಿತ್ತು.

2021ರಲ್ಲಿ, ಆರೋಗ್ಯ ದಾಖಲೆಗಳನ್ನು ಕಂಪ್ಯೂಟರಿಗೆ ತರುವ ಕೇಂದ್ರ ಸರ್ಕಾರದ ಯೋಜನೆ, ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಶುರುವಾಯಿತು. ಈಗ 14 ಅಂಕಿಯ ಆಭಾ ನಂಬರ್, ಅಂದರೆ ಆ ಯೋಜನೆಯ ಆರೋಗ್ಯ ಗುರುತಿನ ಸಂಖ್ಯೆ, ಹಿಡಿದು ಜನ ಬರುತ್ತಾರೆ. ಕಂಪ್ಯೂಟರ್ ಬೇಡ ಅಂತ ನಾನು ಹೇಳುವುದಿಲ್ಲ. ಹಳೇ ಫೈಲು ಹುಡುಕಿ ಧೂಳು ಕುಡಿದವಳು ನಾನು. ಕೈಪಿಡಿ ಬರೆಯುವವರು ಒಂದು ಸೋಮವಾರ ಬೆಳಿಗ್ಗೆ ನಮ್ಮ ಕೌಂಟರಿನಲ್ಲಿ ಕೂರಬೇಕು ಅನ್ನುವುದಷ್ಟೇ ನನ್ನ ಆಸೆ. ಕರೆಂಟ್ ಹೋದರೆ ಅರ್ಧ ಬರೆದ ಚೀಟಿ ಉಳಿಯುತ್ತದೆಯೇ? ಡೋಸ್ ಅಂತ ಇರುವಲ್ಲಿ 5 ಅಂತ ಹಾಕಿದರೆ ಅದು ಮಿಲಿಲೀಟರೋ, ಮಿಲಿಗ್ರಾಮೋ? ಮಕ್ಕಳ ಪ್ಯಾರಾಸಿಟಮಾಲ್ ಸಿರಪ್ಪಿನಲ್ಲೇ 5 ಮಿಲಿಲೀಟರಿಗೆ 125 ಮಿಲಿಗ್ರಾಂ ಇರುವ ಬಾಟಲಿಯೂ ಉಂಟು, 250 ಇರುವುದೂ ಉಂಟು. ಇಂಥ ಪ್ರಶ್ನೆಗೆ ಉತ್ತರ ಕನ್ನಡದಲ್ಲಿ, ಕೈಗೆ ಸಿಗುವ ಹಾಗೆ ಇರಬೇಕು. ಅಳುವ ಮಗು ಎದುರಿಗಿರುವಾಗ 200 ಪುಟ ಯಾರು ತಿರುವುತ್ತಾರೆ?

ಕೊನೆಗೆ ನಾವೇ ಒಂದು ಉದ್ದ ನೋಟ್‌ಬುಕ್ ಇಟ್ಟೆವು. ಮೊದಲ ಪುಟ ನಾನು ಬರೆದೆ: 'ಮರ್ಜ್ ಮಾಡುವ ಮುಂಚೆ ತಂದೆಯ ಹೆಸರು, ಫೋನ್ ನಂಬರ್ ಕೇಳಿ. ಎರಡೂ ದಾಖಲೆಯ ಅಲರ್ಜಿ ಕಾಲಂ ನೋಡಿ. ಒಮ್ಮೆ ಒತ್ತಿದರೆ ವಾಪಸ್ ಇಲ್ಲ.' ಕೆಲಸ ಬಿಡುವ ದಿನ ಅದನ್ನು ಹೊಸದಾಗಿ ಸೇರಿದ ಹುಡುಗಿಯ ಕೈಗೆ ಕೊಟ್ಟು ಬಂದೆ. ಮೊದಲ ವಾರದಲ್ಲೇ ಅವಳು ಅದಕ್ಕೆ ಎರಡು ಪುಟ ಸೇರಿಸಿದಳಂತೆ.

ನಮಸ್ಕಾರ.