ರಸೀದಿಯಲ್ಲಿರುವ ಆ ಒಂದು ಸಾಲು

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆ ಕಂದಾಯ ಕಟ್ಟಿದ ರಸೀದಿ ಎಲ್ಲಾದರೂ ಇದ್ದರೆ, ಈ ಮಾತು ಮುಗಿದ ಮೇಲೆ ಒಮ್ಮೆ ತೆಗೆದು ನೋಡಿ. ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. ನಾನು ಎಷ್ಟೋ ವರ್ಷ ಅದರ ಮೇಲೆ ಕಣ್ಣೇ ಹಾಯಿಸದೆ ರಸೀದಿ ಮಡಚಿ ಟ್ರಂಕಿನಲ್ಲಿ ಇಡುತ್ತಿದ್ದೆ. ನೂರು ರೂಪಾಯಿ ತೆರಿಗೆ ಕಟ್ಟಿದರೆ 6 ರೂಪಾಯಿ ಗ್ರಂಥಾಲಯಕ್ಕೆ. ಊರಿನ ಲೈಬ್ರರಿಗೆ ಪುಸ್ತಕ, ಪೇಪರು ಬರುವುದರಲ್ಲಿ ಈ ಸಣ್ಣ ದುಡ್ಡಿನ ಪಾಲು ದೊಡ್ಡದು. ಈ ಸಾಲು ಹೇಗೆ ಬಂತು ಅನ್ನುವುದನ್ನೇ ಇವತ್ತು ಹೇಳಬೇಕು ಅಂತಿದ್ದೇನೆ.

ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೋದವರು ಆ ಕೆಂಪು ಕಟ್ಟಡವನ್ನು ನೋಡಿಯೇ ಇರುತ್ತೀರಿ. 1883ರಿಂದ 1901ರವರೆಗೆ ಮೈಸೂರಿನ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ನೆನಪಿಗೆ ಕಟ್ಟಿದ್ದು ಅದು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, 1915ರ ಸುಮಾರಿಗೆ, ಅಲ್ಲಿ ಸಾರ್ವಜನಿಕ ಗ್ರಂಥಾಲಯ ಶುರುವಾಯಿತು. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದೂ ಅದೇ 1915ರಲ್ಲಿ. ಓದು ಬರಹ ಬಲ್ಲವರೇ ಕಡಿಮೆ ಇದ್ದ ಕಾಲ ಅದು, ಆದರೂ ಊರಿನ ನಡುವೆ ಅಂಥ ಚೆಂದದ ಕಟ್ಟಡವನ್ನು ಪುಸ್ತಕಕ್ಕೆ ಬಿಟ್ಟುಕೊಟ್ಟರಲ್ಲ, ಅದು ನನಗೆ ಈಗಲೂ ದೊಡ್ಡ ಮಾತು ಅನ್ನಿಸುತ್ತದೆ.

ಆದರೆ ಇದು ಹಳೇ ಮೈಸೂರಿನ ಕಥೆ ಮಾತ್ರ. 1956ರಲ್ಲಿ ಕನ್ನಡ ನಾಡು ಒಂದಾಯಿತು, ಗ್ರಂಥಾಲಯಗಳು ಮಾತ್ರ ಒಂದಾಗಿರಲಿಲ್ಲ. ಮಂಗಳೂರು ಮತ್ತು ಬಳ್ಳಾರಿ ಕಡೆಗೆ 1948ರ ಮದ್ರಾಸು ಕಾಯ್ದೆ. ಕಲಬುರಗಿ, ರಾಯಚೂರು, ಬೀದರಿಗೆ 1955ರ ಹೈದರಾಬಾದು ಕಾಯ್ದೆ. ಬೆಳಗಾವಿ, ಧಾರವಾಡದ ಕಡೆ ಊರಿನ ಜನರೇ ಸಂಘ ಕಟ್ಟಿಕೊಂಡು, ಚಂದಾ ಎತ್ತಿ ನಡೆಸುತ್ತಿದ್ದ ವಾಚನಾಲಯಗಳು. ಒಂದೇ ರಾಜ್ಯ, ಆದರೆ ನೀವು ಯಾವ ಊರಲ್ಲಿ ಹುಟ್ಟಿದಿರಿ ಅನ್ನುವುದರ ಮೇಲೆ ನಿಮಗೆ ಪುಸ್ತಕ ಸಿಗುವುದೋ ಇಲ್ಲವೋ ತೀರ್ಮಾನವಾಗುತ್ತಿತ್ತು. ಇದು ಸರಿಯಲ್ಲ ಅಲ್ವಾ?

ಆ ಹೊತ್ತಿಗೆ ಬೆಂಗಳೂರಿನಲ್ಲಿ ಒಬ್ಬರು ನೆಲೆಸಿದ್ದರು, ಎಸ್. ಆರ್. ರಂಗನಾಥನ್. ಗಣಿತದ ಮೇಷ್ಟ್ರಾಗಿದ್ದವರು, 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, ಆಮೇಲೆ ಬದುಕೆಲ್ಲ ಅದೇ ಕೆಲಸ. 1931ರಲ್ಲಿ ಅವರು ಗ್ರಂಥಾಲಯಕ್ಕೆ ಐದು ಸೂತ್ರ ಹೇಳಿದರು. ಪುಸ್ತಕ ಇರುವುದು ಓದುವುದಕ್ಕೆ, ಇದು ಮೊದಲನೆಯದು. ಇದರಲ್ಲೇನು ಹೊಸದು ಅಂತ ಕೇಳಬಹುದು. ಆಗ ಎಷ್ಟೋ ಕಡೆ ಪುಸ್ತಕಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಕಳೆದುಹೋದೀತು, ಹರಿದುಹೋದೀತು ಎಂಬ ಭಯ. ಅಂಥ ಕಾಲದಲ್ಲಿ ಓದುವವರು ಕಪಾಟಿನ ಮುಂದೆ ನಿಂತು ತಾವೇ ಪುಸ್ತಕ ತೆಗೆದು ನೋಡಲಿ ಅಂತ ಹಟ ಹಿಡಿದವರು ಅವರು. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ, ಓದುಗನ ಸಮಯ ಉಳಿಸಿ, ಗ್ರಂಥಾಲಯ ಬೆಳೆಯುತ್ತಲೇ ಇರುವ ಜೀವಿ, ಇವು ಉಳಿದ ನಾಲ್ಕು. 1962ರಲ್ಲಿ ಬೆಂಗಳೂರಿನಲ್ಲೇ ಗ್ರಂಥಾಲಯ ವಿಜ್ಞಾನದ ಸಂಶೋಧನೆ ಮತ್ತು ತರಬೇತಿಯ ಕೇಂದ್ರ ಶುರುಮಾಡಿದರು. ಅವರು ತೀರಿಕೊಂಡದ್ದೂ ಇಲ್ಲೇ, 1972ರಲ್ಲಿ.

ನಮ್ಮ ಗ್ರಂಥಾಲಯ ಕಾಯ್ದೆಯ ಹಿಂದೆ ಅವರ ಆಲೋಚನೆ ಇದೆ. 1965ರಲ್ಲಿ ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು, ಮಾರನೆಯ ವರ್ಷ ಜಾರಿಯಾಯಿತು, ಆ ಬೇರೆ ಬೇರೆ ಕಾಯ್ದೆಗಳೆಲ್ಲ ಹೋಗಿ ಇಡೀ ರಾಜ್ಯಕ್ಕೆ ಒಂದೇ ವ್ಯವಸ್ಥೆ ಆಯಿತು. ರಾಜ್ಯ ಕೇಂದ್ರ ಗ್ರಂಥಾಲಯ, ನಗರ ಗ್ರಂಥಾಲಯ, ಜಿಲ್ಲಾ ಗ್ರಂಥಾಲಯ, ಅವುಗಳ ಕೆಳಗೆ ಶಾಖೆಗಳು. ಜೊತೆಗೆ ಕರ. ಪುಣ್ಯಾತ್ಮರ ದಾನಕ್ಕೆ ಕಾಯಬೇಕಾಗಿಲ್ಲ, ಪ್ರತಿ ವರ್ಷ ತಾನಾಗಿ ದುಡ್ಡು ಬರುತ್ತದೆ. ನನ್ನ ಮಟ್ಟಿಗೆ ಆ ಕಾಯ್ದೆಯ ಜೀವ ಇರುವುದೇ ಅಲ್ಲಿ.

ನಾನು ಓದು ಕಲಿತದ್ದು ಅಂಥದೊಂದು ಶಾಖೆಯಲ್ಲಿ. ಬೆಳಿಗ್ಗೆ ಪೇಪರ್ ಬಂದ ಕೂಡಲೇ ಹಾಳೆ ಹಾಳೆ ಬೇರೆಯಾಗಿ ನಾಲ್ಕು ಜನರ ಕೈಗೆ ಹೋಗುತ್ತಿತ್ತು, ಕ್ರೀಡೆಯ ಪುಟ ಯಾವಾಗಲೂ ಕೊನೆಗೆ ಸಿಗುತ್ತಿತ್ತು. ಈಗ ಅದೇ ಬೆಂಚಿನ ಮೇಲೆ ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ತಮ್ಮದೇ ಪುಸ್ತಕ ತಂದು ಸಂಜೆವರೆಗೂ ಕೂತಿರುತ್ತಾರೆ. ಮನೆಯಲ್ಲಿ ಅಷ್ಟು ಜಾಗ, ಅಷ್ಟು ಮೌನ ಎಲ್ಲಿದೆ ಹೇಳಿ?

ಹಳ್ಳಿಗಳ ಮಾತು ಬೇರೆ. ಗ್ರಾಮ ಪಂಚಾಯಿತಿಯ 5 ಸಾವಿರಕ್ಕೂ ಹೆಚ್ಚು ಲೈಬ್ರರಿಗಳನ್ನು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಕೊಟ್ಟರು, ಈಗ ಅವನ್ನು ಅರಿವು ಕೇಂದ್ರ ಅಂತ ಕರೆಯುತ್ತಾರೆ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ, 2020ರಲ್ಲಿ, ಓದುವ ಬೆಳಕು ಎಂಬ ಕಾರ್ಯಕ್ರಮ ಮಾಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಲಕ್ಷಗಟ್ಟಲೆ ಮಕ್ಕಳು ಸೇರಿದರು. ಪುಸ್ತಕ ಕೈಗೆ ಸಿಕ್ಕರೆ ಮಕ್ಕಳು ಓದುತ್ತಾರೆ, ಸುಮ್ನೆ ಮೊಬೈಲನ್ನು ಬೈಯುತ್ತೇವೆ ನಾವು.

ವಸೂಲಾದ ಕರ ಎಲ್ಲ ಕಡೆಯೂ ಸಮಯಕ್ಕೆ ಸರಿಯಾಗಿ ಲೈಬ್ರರಿಗೆ ತಲುಪುವುದಿಲ್ಲ, ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ. ಹಾಗಾಗಿ ಕಳೆದ ಸಲ ನಮ್ಮ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿದೆ. ಈ ವರ್ಷ ಗ್ರಂಥಾಲಯ ಕರ ಎಷ್ಟು ಬಂತು, ಪುಸ್ತಕ ಎಷ್ಟು ತಂದಿರಿ ಅಂತ. ಲೆಕ್ಕ ಹುಡುಕುವುದಕ್ಕೆ ಸ್ವಲ್ಪ ಹೊತ್ತಾಯಿತು, ಆದರೆ ಓದಿ ಹೇಳಿದರು. ಪಕ್ಕದಲ್ಲಿ ಕೂತಿದ್ದ ಹೆಂಗಸರೊಬ್ಬರು, ಮುಂದಿನ ಸಲ ಮಕ್ಕಳ ಕಥೆ ಪುಸ್ತಕ ಜಾಸ್ತಿ ತರಿಸಿ ಅಂತ ಬರೆಸಿಯೇ ಬಿಟ್ಟರು.

ನಿಮ್ಮೂರಿನಲ್ಲೂ ಕೇಳಿ. ನಮಸ್ಕಾರ.